ಹಲ್ಲುಜ್ಜಿದ ಮೇಲೆ ಕೆನ್ನೆಯೊಳಗಿಂದ ಏಳುವ ಪೊರೆ

ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ ಸ್ವಲ್ಪ ಹೊತ್ತಿಗೆ ನಾಲಿಗೆ ಕೆನ್ನೆಯ ಒಳಬದಿಯಲ್ಲಿ ಏನನ್ನೋ ಪತ್ತೆ ಹಚ್ಚುತ್ತದೆ. ಮೊದಲು ಒಂದು ಸಣ್ಣ ಅಂಚು, ಆಮೇಲೆ ಸಡಿಲವಾದ ಎಳೆ. ನಾಲಿಗೆಯಿಂದ ತಳ್ಳಿದಷ್ಟೂ ಅದು ದೊಡ್ಡದಾಗುತ್ತದೆ. ಬೆರಳಿನಿಂದ ಹಿಡಿದೆಳೆದರೆ, ಕೈಗಂಟಿ ಒಣಗಿದ ಗೋಂದು ಏಳುವ ಹಾಗೆ ಸಲೀಸಾಗಿ ಎದ್ದು ಬರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಬಿಳಿಚಾದ, ಅರೆಪಾರದರ್ಶಕವಾದ ಪೊರೆ. ನೋವಿಲ್ಲ, ರಕ್ತವಿಲ್ಲ, ಉರಿಯೂ ಬಹುಪಾಲು ಇಲ್ಲ. ಆದರೂ ಬೆರಳ ತುದಿಯಲ್ಲಿರುವುದು ನಮ್ಮದೇ ಮೈಯ ತುಣುಕು ಎಂಬುದು ಹೊಳೆದೊಡನೆ ಮನಸ್ಸು ಮುದುಡುತ್ತದೆ.

ಹಲ್ಲುನೋವನ್ನು ಎಲ್ಲರೆದುರು ಹೇಳಿಕೊಳ್ಳುವವರೂ ಇದನ್ನು ಹೇಳಿಕೊಳ್ಳುವುದಿಲ್ಲ. ಬಾಯಿಯ ಒಳಗೆ ನಡೆಯುವುದರಲ್ಲಿ ಅರ್ಧದಷ್ಟು ಅಸಹ್ಯದ ಪಟ್ಟಿಗೆ ಸೇರಿಬಿಟ್ಟಿದೆ; ಪೊರೆ ಸುಲಿಯುವುದಂತೂ ಆ ಪಟ್ಟಿಯ ಮೇಲ್ಭಾಗದಲ್ಲೇ ಇದೆ. ನನಗೆ ಇದು ಬಹಳ ಕಾಲ ಆಗುತ್ತಿತ್ತು, ಅದರಲ್ಲೂ ಬೆಳಿಗ್ಗೆ ಎದ್ದಾಗ ಹೆಚ್ಚು. ಕೆಳತುಟಿಯ ಒಳಗೆ, ಎರಡೂ ಕೆನ್ನೆಗಳ ಒಳಗೋಡೆಯಲ್ಲಿ, ಕೆಲವೊಮ್ಮೆ ನಾಲಿಗೆಯ ಕೆಳಗೂ. ಯಾರನ್ನಾದರೂ ಕೇಳಿದರೆ ಉತ್ತರ ಎರಡೇ ಬಗೆಯದು. ಒಂದು, ‘ಅಯ್ಯೋ, ಅದು ಕ್ಯಾನ್ಸರ್‌ನ ಮೊದಲ ಲಕ್ಷಣವಂತೆ.’ ಇನ್ನೊಂದು, ‘ಅದೇನೂ ಅಲ್ಲ ಬಿಡಿ, ಎಲ್ಲರಿಗೂ ಆಗುತ್ತದೆ.’ ಈ ಎರಡು ಉತ್ತರಗಳಲ್ಲಿ ಯಾವುದೂ ಒಂದು ಸರಳ ಪ್ರಶ್ನೆಯನ್ನು ಮುಟ್ಟುವುದಿಲ್ಲ: ಏಳುತ್ತಿರುವುದು ಏನು, ಅದನ್ನು ಎಬ್ಬಿಸುತ್ತಿರುವುದು ಯಾವುದು?

ಏಳುತ್ತಿರುವುದೇನು ಎಂಬುದರಿಂದಲೇ ಆರಂಭಿಸೋಣ. ಕೆನ್ನೆಯ ಒಳಬದಿಯನ್ನು ಹೊದ್ದಿರುವ ಲೋಳೆಪೊರೆಯ ಮೇಲ್ಪದರ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅಷ್ಟರಲ್ಲೇ ಜೀವಕೋಶಗಳು ಹತ್ತಾರು ಸಾಲುಗಳಾಗಿ ಒಂದರ ಮೇಲೊಂದು ಕುಳಿತಿವೆ. ಹೊಸ ಕೋಶಗಳು ತಳದಲ್ಲಿ ಹುಟ್ಟುತ್ತವೆ, ಹಿಂದಿನವನ್ನು ಮೇಲಕ್ಕೆ ತಳ್ಳುತ್ತವೆ; ತಳ್ಳಿಸಿಕೊಂಡವು ಚಪ್ಪಟೆಯಾಗುತ್ತ ಮೇಲೇರಿ, ಕೊನೆಗೆ ಕಳಚಿಕೊಂಡು ಜೊಲ್ಲಿನೊಂದಿಗೆ ಹೊಟ್ಟೆ ಸೇರುತ್ತವೆ. ತಳದಿಂದ ತುದಿಯವರೆಗಿನ ಈ ಪಯಣಕ್ಕೆ ಬಾಯಿಯಲ್ಲಿ ಸುಮಾರು ಎರಡು ವಾರ ಸಾಕು. ಚರ್ಮಕ್ಕೆ ಒಂದು ತಿಂಗಳೋ ಅದಕ್ಕೂ ಹೆಚ್ಚೋ ಬೇಕು. ಈ ಪದರದಲ್ಲಿ ರಕ್ತನಾಳಗಳಿಲ್ಲ, ಅದರ ಮೇಲ್ತುದಿಯಲ್ಲಿ ನೋವು ತಿಳಿಸುವ ನರದ ಎಳೆಗಳೂ ಇಲ್ಲ. ಮೇಲಿನ ಕೆಲವು ಸಾಲುಗಳಷ್ಟೇ ಎದ್ದು ಬಂದರೆ ನೋವೂ ರಕ್ತವೂ ಕಾಣಿಸಿಕೊಳ್ಳದಿರುವುದು ಇದೇ ಕಾರಣಕ್ಕೆ.

ಬಾಯಿಯ ಎಲ್ಲ ಭಾಗವೂ ಒಂದೇ ಬಗೆಯದಲ್ಲ. ವಸಡು ಮತ್ತು ಗಟ್ಟಿ ಅಂಗುಳದ ಮೇಲೆ ಕೆರಾಟಿನ್ ಎಂಬ ಬಿರುಸಾದ ಪ್ರೋಟೀನಿನ ಹೊದಿಕೆಯಿದೆ. ಅಗಿಯುವಾಗಿನ ಉಜ್ಜಾಟವನ್ನು ತಾಳಿಕೊಳ್ಳಬೇಕಾದ ಜಾಗಗಳು ಅವು. ಕೆನ್ನೆ, ತುಟಿಯ ಒಳಬದಿ, ನಾಲಿಗೆಯ ಅಡಿ ಇವುಗಳಿಗೆ ಅಂಥ ಹೊದಿಕೆ ಇಲ್ಲ, ಏಕೆಂದರೆ ಅವು ಹಿಗ್ಗಬೇಕು, ಮಡಚಬೇಕು, ಮಾತಿಗೆ ತಕ್ಕಂತೆ ಹೊರಳಬೇಕು. ಅವಕ್ಕಿರುವ ಮುಖ್ಯ ರಕ್ಷಣೆಯೆಂದರೆ ಜೊಲ್ಲಿನಿಂದ ಬಂದು ಅಂಟಿಕೊಳ್ಳುವ, ಮ್ಯೂಸಿನ್ ಎಂಬ ಲೋಳೆಯಂಥ ಪ್ರೋಟೀನಿನ ತೆಳ್ಳನೆಯ ಲೇಪ. ಪೊರೆ ಯಾವಾಗಲೂ ಈ ಮೆತ್ತನೆಯ ಜಾಗಗಳಿಂದಲೇ ಏಳುವುದೇಕೆ ಎಂಬುದಕ್ಕೆ ಇದು ಉತ್ತರ.

ಕಳಚಿ ಬೀಳುವ ಈ ಕೋಶಗಳು ನಮಗೆ ಅಪರಿಚಿತವೇನೂ ಅಲ್ಲ. ಶಾಲೆಯ ಪ್ರಯೋಗಾಲಯದಲ್ಲಿ ಕೆನ್ನೆಯ ಒಳಭಾಗವನ್ನು ಕಡ್ಡಿಯಿಂದ ಮೆಲ್ಲಗೆ ಕೆರೆದು, ನೀಲಿ ಬಣ್ಣದ ಒಂದು ಹನಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಬೆರಗಾಗಿದ್ದು ಇವುಗಳನ್ನೇ. ಡಿಎನ್ಎ ಪರೀಕ್ಷೆಗೆ ಹತ್ತಿಯ ಕಡ್ಡಿಯಿಂದ ಕೆನ್ನೆ ಒರೆಸಿಕೊಂಡು ಹೋಗುವುದೂ ಇವುಗಳಿಗಾಗಿಯೇ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಮಹಿಳಾ ಕ್ರೀಡಾಪಟುಗಳ ಕೆನ್ನೆಯಿಂದ ತೆಗೆದ ಕೋಶಗಳನ್ನು ಪರೀಕ್ಷಿಸಿ ‘ನೀನು ಹೆಣ್ಣು ಹೌದೋ ಅಲ್ಲವೋ’ ಎಂದು ತೀರ್ಮಾನಿಸುವ ಕ್ರಮ ಜಾರಿಗೆ ಬಂತು. ಆ ಅವಮಾನಕರ ಪದ್ಧತಿಯನ್ನು ಕೈಬಿಡಲು ಒಲಿಂಪಿಕ್ ಸಮಿತಿಗೆ ಮೂರು ದಶಕ ಹಿಡಿಯಿತು. ನಾವು ಯೋಚಿಸದೆ ನುಂಗಿಬಿಡುವ ಕಸದ ಮೇಲೆ ಒಬ್ಬರ ಇಡೀ ಬದುಕು ನಿಂತಿದ್ದ ಕಾಲವೂ ಇತ್ತು ಎಂಬುದು ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅದಿರಲಿ.

ಕೋಶಗಳು ಬಿಡಿಬಿಡಿಯಾಗಿ ಉದುರುವುದು ದಿನನಿತ್ಯದ ಸಂಗತಿಯಾದರೆ, ಹಾಳೆಯಂತೆ ಒಟ್ಟಾಗಿ ಏಳುವುದು ಏಕೆ? ಇಲ್ಲಿ ಟೂತ್‌ಪೇಸ್ಟಿನ ಪಾತ್ರ ಬರುತ್ತದೆ. ಟ್ಯೂಬಿನ ಹಿಂಬದಿಯಲ್ಲಿ, ಕಣ್ಣು ಕಿರಿದಾಗಿಸಿ ಓದಬೇಕಾದ ಅಕ್ಷರಗಳಲ್ಲಿ, ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಹೆಸರು ಬಹಳಷ್ಟು ಪೇಸ್ಟುಗಳಲ್ಲಿ ಕಾಣುತ್ತದೆ. ಚಿಕ್ಕದಾಗಿ ಎಸ್ಎಲ್ಎಸ್. ಇದೊಂದು ಮಾರ್ಜಕ, ನೊರೆ ಬರಿಸುವುದು ಇದರ ಮುಖ್ಯ ಕೆಲಸ. ಪೇಸ್ಟಿನಲ್ಲಿ ಸಾಮಾನ್ಯವಾಗಿ ಶೇಕಡ 0.5ರಿಂದ 2ರವರೆಗೆ ಇರುತ್ತದೆ. ಹನ್ನೆರಡು ಇಂಗಾಲದ ಪರಮಾಣುಗಳ ಉದ್ದನೆಯ ಬಾಲಕ್ಕೆ ಕೊಬ್ಬೆಂದರೆ ಪ್ರೀತಿ, ಸಲ್ಫೇಟಿನ ತಲೆಗೆ ನೀರೆಂದರೆ ಪ್ರೀತಿ. ಹೀಗೆ ಎರಡೂ ಕಡೆ ನಂಟಿರುವ ಅಣು ಕೊಬ್ಬನ್ನು ನೀರಿಗೆ ಸೇರಿಸಿಬಿಡುತ್ತದೆ, ಪ್ರೋಟೀನನ್ನೂ ಸುಮ್ಮನೆ ಬಿಡುವುದಿಲ್ಲ.

ಪ್ರೋಟೀನಿನ ವಿಷಯದಲ್ಲಿ ಇದಕ್ಕಿರುವ ಖ್ಯಾತಿ ಸಣ್ಣದಲ್ಲ. ಜೀವರಸಾಯನ ಪ್ರಯೋಗಾಲಯಗಳಲ್ಲಿ ಇದೇ ವಸ್ತು ಸೋಡಿಯಂ ಡೊಡೆಸಿಲ್ ಸಲ್ಫೇಟ್ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತದೆ. ಜೀವಕೋಶಗಳನ್ನು ಒಡೆಯಲು, ಮಡಚಿಕೊಂಡ ಪ್ರೋಟೀನುಗಳನ್ನು ನೇರ ದಾರದಂತೆ ಬಿಡಿಸಲು ಇದನ್ನು ಬಳಸುತ್ತಾರೆ. ಉಲ್ರಿಕ್ ಲೇಮ್ಲಿ ಎಂಬ ವಿಜ್ಞಾನಿ 1970ರಲ್ಲಿ ಪ್ರಕಟಿಸಿದ, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ವಿಧಾನ ಇದನ್ನೇ ಅವಲಂಬಿಸಿದೆ. ಆ ವಿಧಾನ ಇಂದಿಗೂ ಪ್ರಯೋಗಾಲಯಗಳ ದಿನಚರಿ. ಚರ್ಮರೋಗ ಸಂಶೋಧನೆಯಲ್ಲಂತೂ, ಚರ್ಮವನ್ನು ಅಳತೆಗೆ ತಕ್ಕಂತೆ ಕೆರಳಿಸಿ ಅದು ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ನೋಡಬೇಕಾದಾಗ ಆರಿಸಿಕೊಳ್ಳುವ ಮಾದರಿ ವಸ್ತುವೇ ಇದು. ಇಂಥದ್ದನ್ನು ಬೆಳಿಗ್ಗೆ ಸಂಜೆ ಕೆರಾಟಿನ್ ಹೊದಿಕೆಯಿಲ್ಲದ ಕೆನ್ನೆಗೆ ಸವರುತ್ತೇವೆ. ಪ್ರಮಾಣ ಕಡಿಮೆ, ಸಮಯ ಕಡಿಮೆ, ಕೊನೆಗೆ ತೊಳೆದುಹೋಗುತ್ತದೆ ಎಂಬುದೆಲ್ಲ ನಿಜ. ಹಾಗಾಗಿಯೇ ಬಹುತೇಕರಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವವರಲ್ಲಿ ಅದು ಮ್ಯೂಸಿನ್‌ನ ಲೇಪವನ್ನು ಕರಗಿಸುತ್ತದೆ, ಮೇಲಿನ ಕೋಶಗಳ ನಡುವಿನ ಕೊಬ್ಬನ್ನು ಸಡಿಲಿಸುತ್ತದೆ. ಎರಡು ಮೂರು ದಿನಗಳಲ್ಲಿ ಒಂದೊಂದಾಗಿ ಉದುರಬೇಕಿದ್ದ ಕೋಶಗಳು ಒಟ್ಟಿಗೇ ಕೈಬಿಡುತ್ತವೆ.

1990ರ ದಶಕದಲ್ಲಿ ನಾರ್ವೆಯ ಆಸ್ಲೋದಲ್ಲಿ ಹೆರ್ಲೊಫ್ಸನ್ ಮತ್ತು ಬಾರ್ಕ್‌ವೊಲ್ ಎಂಬ ದಂತವಿಜ್ಞಾನಿಗಳು ಇದನ್ನು ನೇರವಾಗಿ ಪರೀಕ್ಷಿಸಿದರು. ಎಸ್ಎಲ್ಎಸ್ ಇದ್ದ ಪೇಸ್ಟು ಬಳಸಿದವರ ಬಾಯಲ್ಲಿ ಪೊರೆ ಸುಲಿಯಿತು. ಕೊಕಾಮಿಡೊಪ್ರೊಪಿಲ್ ಬೀಟೇನ್ ಎಂಬ ಸೌಮ್ಯ ಮಾರ್ಜಕವಿದ್ದ ಪೇಸ್ಟಿನಿಂದ ಹಾಗಾಗಲಿಲ್ಲ. ಪದೇ ಪದೇ ಬಾಯಿಹುಣ್ಣು ಆಗುವವರಲ್ಲಿ ಎಸ್ಎಲ್ಎಸ್ ಬಿಟ್ಟಾಗ ಹುಣ್ಣು ಕಡಿಮೆಯಾಯಿತು ಎಂದೂ ಅವರು ಕಂಡುಕೊಂಡರು. ಹುಣ್ಣಿನ ವಿಷಯದಲ್ಲಿ ಮುಂದಿನವರ ಅಧ್ಯಯನಗಳು ಒಂದೇ ಮಾತು ಹೇಳಲಿಲ್ಲ: ಕೆಲವರಿಗೆ ವ್ಯತ್ಯಾಸ ಕಂಡಿತು, ಕೆಲವರಿಗೆ ಕಾಣಲಿಲ್ಲ. ಹಾಗಾಗಿ ಬಾಯಿಹುಣ್ಣಿಗೆಲ್ಲ ಪೇಸ್ಟೇ ಕಾರಣ ಎಂದು ಸಾರುವವರ ಮಾತನ್ನು ನಾನು ಅರ್ಧದಷ್ಟೇ ನಂಬುತ್ತೇನೆ. ಪೊರೆಯ ವಿಷಯದಲ್ಲಿ ಮಾತ್ರ ನಂಟು ಗಟ್ಟಿಯಾಗಿಯೇ ಇದೆ. ಇನ್ನು ಎಸ್ಎಲ್ಎಸ್ ಕ್ಯಾನ್ಸರ್ ತರುತ್ತದೆ ಎಂಬ, ವರ್ಷಗಳಿಂದ ಕೈಯಿಂದ ಕೈಗೆ ದಾಟುತ್ತಿರುವ ಸಂದೇಶಕ್ಕೆ ಆಧಾರವಿಲ್ಲ. ಕೆರಳಿಸುವುದು ಬೇರೆ, ಕ್ಯಾನ್ಸರ್ ತರುವುದು ಬೇರೆ.

ಅಪರಾಧಿ ಇದೊಂದೇ ಅಲ್ಲ. ಹಲ್ಲಿನ ಮೇಲೆ ಗಾರೆ ಕಟ್ಟದಂತೆ ತಡೆಯುವ ಪೇಸ್ಟುಗಳಲ್ಲಿ ಪೈರೊಫಾಸ್ಫೇಟ್ ಇರುತ್ತದೆ. ಅದರ ಕಹಿಯನ್ನು ಮುಚ್ಚಲು ಸುವಾಸನೆಯನ್ನು ಹೆಚ್ಚಿಸಬೇಕಾಗುತ್ತದೆ, ಎಲ್ಲ ಸೇರಿ ಕೆನ್ನೆಗೆ ಕಾಟ. ದಾಲ್ಚಿನ್ನಿಯ ಸುವಾಸನೆಗೆ ಕಾರಣವಾದ ಸಿನ್ನಮಾಲ್ಡಿಹೈಡ್ ಕೆಲವರಿಗೆ ಅಲರ್ಜಿ ತರುತ್ತದೆ. ಸ್ಟ್ಯಾನಸ್ ಫ್ಲೋರೈಡ್ ಇರುವ ಪೇಸ್ಟುಗಳಿಂದಲೂ ಪೊರೆ ಏಳುವುದು ವರದಿಯಾಗಿದೆ. ಹಲ್ಲು ಬಿಳುಪಾಗಿಸುವ ಪೆರಾಕ್ಸೈಡ್, ಶೇಕಡ 20ಕ್ಕೂ ಮೀರಿ ಆಲ್ಕೊಹಾಲ್ ಇರುವ ಕೆಲವು ಮೌತ್‌ವಾಶ್‌ಗಳು, ವಸಡಿನ ಚಿಕಿತ್ಸೆಗೆ ಕೊಡುವ ಕ್ಲೋರ್‌ಹೆಕ್ಸಿಡಿನ್, ಇವೂ ಸಾಲಿನಲ್ಲಿವೆ. ರಾತ್ರಿ ಬಾಯಿ ತೆರೆದು ಮಲಗುವವರಿಗೆ, ಬಾಯಿ ಒಣಗಿಸುವ ಔಷಧ ತೆಗೆದುಕೊಳ್ಳುವವರಿಗೆ ಇವೆಲ್ಲ ಹೆಚ್ಚು ತಗಲುತ್ತವೆ, ಏಕೆಂದರೆ ಕಾಪಾಡಬೇಕಾದ ಜೊಲ್ಲೇ ಕಡಿಮೆ. ನಿದ್ದೆಯಲ್ಲಿ ಎಲ್ಲರಿಗೂ ಜೊಲ್ಲಿನ ಸ್ರಾವ ತೀರಾ ಇಳಿಯುತ್ತದೆ. ರಾತ್ರಿ ಉಜ್ಜಿದ್ದರ ಫಲ ಬೆಳಿಗ್ಗೆ ತುಟಿಯಂಚಿನಲ್ಲಿ ಎಳೆ ಎಳೆಯಾಗಿ ಸಿಗುವುದು ಹೀಗೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಪ್ರಶ್ನೆ. ನೊರೆ ಬೇಕಾದರೂ ಏಕೆ? ಹಲ್ಲಿಗಂಟಿದ ಬ್ಯಾಕ್ಟೀರಿಯಾದ ಪದರವನ್ನು ತೆಗೆಯುವುದು ಬ್ರಷ್ಷಿನ ಎಳೆಗಳು, ಅದೂ ತಾಳ್ಮೆಯಿಂದ ಮೂಲೆಮೂಲೆ ಮುಟ್ಟಿದರೆ. ಹುಳುಕು ಹಿಡಿಯದಂತೆ ತಡೆಯುವುದು ಫ್ಲೋರೈಡ್. ನೊರೆ ಪೇಸ್ಟನ್ನು ಬಾಯಿತುಂಬ ಹರಡುತ್ತದೆ ಎಂಬುದು ನಿಜ, ಆದರೆ ನೊರೆಯಿಲ್ಲದಿದ್ದರೆ ಹಲ್ಲು ಕೊಳಕಾಗಿ ಉಳಿಯುವುದಿಲ್ಲ. ಹಿಂದೆ ಟೂತ್‌ಪೇಸ್ಟಿನಲ್ಲಿ ಸಾಬೂನನ್ನೇ ಹಾಕುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಆ ಜಾಗಕ್ಕೆ ಎಸ್ಎಲ್ಎಸ್‌ನಂಥ ಕೃತಕ ಮಾರ್ಜಕಗಳು ಬಂದವು. ರುಚಿ ಸುಧಾರಿಸಿತು, ನೊರೆ ಹೆಚ್ಚಿತು. ಬಾಯಿ ತುಂಬಿದ ನೊರೆ ಕೆಲಸ ನಡೆಯುತ್ತಿದೆ ಎಂಬುದಕ್ಕೆ ಸಾಕ್ಷಿ ಎಂದು ನಾವು ಒಪ್ಪಿಕೊಂಡುಬಿಟ್ಟೆವು.

ಇದರಲ್ಲಿ ಒಂದು ವ್ಯಂಗ್ಯವಿದೆ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅಮೆರಿಕದ ಜಾಹೀರಾತು ಬರಹಗಾರ ಕ್ಲಾಡ್ ಹಾಪ್ಕಿನ್ಸ್ ಪೆಪ್ಸೊಡೆಂಟ್ ಪೇಸ್ಟಿಗೆ ಪ್ರಚಾರ ಬರೆಯಲು ಕುಳಿತಾಗ ದಂತವೈದ್ಯಕೀಯದ ಪುಸ್ತಕಗಳನ್ನು ತಿರುವಿಹಾಕಿದ. ಅಲ್ಲಿ ಹಲ್ಲಿನ ಮೇಲೆ ಕಟ್ಟುವ ಮ್ಯೂಸಿನ್ ಪದರದ ಪ್ರಸ್ತಾಪ ಸಿಕ್ಕಿತು. ಅದನ್ನೇ ಜಾಹೀರಾತಿನ ಖಳನಾಯಕನನ್ನಾಗಿ ಮಾಡಿದ: ನಾಲಿಗೆಯನ್ನು ಹಲ್ಲಿನ ಮೇಲೆ ಆಡಿಸಿ ನೋಡಿ, ಒಂದು ಪೊರೆ ಸಿಗುತ್ತದೆ, ನಿಮ್ಮ ಹಲ್ಲನ್ನು ಮಂಕಾಗಿಸಿರುವುದು ಅದೇ ಎಂದು ಜನರಿಗೆ ಕಲಿಸಿದ. ಅದಕ್ಕೂ ಮೊದಲು ಅಂಥ ಪೊರೆಯನ್ನು ಹುಡುಕುವುದು ಯಾರ ನಾಲಿಗೆಗೂ ಅಭ್ಯಾಸವಿರಲಿಲ್ಲ. ಪೊರೆಯನ್ನು ತೊಲಗಿಸುತ್ತೇವೆಂಬ ಮಾತಿನ ಮೇಲೆ ಬೆಳೆದ ಉದ್ಯಮದ ಸರಕು, ಈಗ ಒಂದಷ್ಟು ಜನರ ಬಾಯಲ್ಲಿ ಹೊಸ ಪೊರೆಯನ್ನು ಎಬ್ಬಿಸುತ್ತಿದೆ. ನಾಲಿಗೆ ಮಾತ್ರ ಅಂದಿನಂತೆಯೇ ಹುಡುಕುತ್ತ ಓಡಾಡುತ್ತಿದೆ.

ನಾನು ಎಸ್ಎಲ್ಎಸ್ ಇಲ್ಲದ ಪೇಸ್ಟಿಗೆ ಬದಲಾಯಿಸಿದೆ. ಆರಿಸುವಾಗ ಎರಡು ವಿಷಯ ನೋಡಿದೆ. ಮೊದಲನೆಯದು, ಫ್ಲೋರೈಡ್ ಇರಬೇಕು. ವಯಸ್ಕರಿಗೆ 1000ರಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗ ಪೇಸ್ಟಿನಲ್ಲಿ ಅಷ್ಟು ಭಾಗ) ಸಾಮಾನ್ಯ ಪ್ರಮಾಣ. ಎಸ್ಎಲ್ಎಸ್ ಬಿಡುವ ಭರದಲ್ಲಿ ಫ್ಲೋರೈಡನ್ನೂ ಬಿಟ್ಟವರು ಕೆನ್ನೆಯನ್ನು ಉಳಿಸಿಕೊಳ್ಳಲು ಹಲ್ಲನ್ನು ಒತ್ತೆ ಇಟ್ಟಂತೆ. ಎರಡನೆಯದು, ಟ್ಯೂಬಿನ ಮುಂಬದಿಯ ‘ನೈಸರ್ಗಿಕ’ ಎಂಬ ಅಕ್ಷರಗಳನ್ನು ನಂಬದೆ ಹಿಂಬದಿಯನ್ನು ಓದಬೇಕು. ಎಸ್ಎಲ್ಎಸ್ ತಯಾರಾಗುವುದು ಹೆಚ್ಚಾಗಿ ಗಿಡಮೂಲದ ಎಣ್ಣೆಗಳಿಂದಲೇ, ಆದ್ದರಿಂದ ಆ ವಿಶೇಷಣ ಅದಕ್ಕೂ ಸಲ್ಲುತ್ತದೆ. ಬದಲಾಯಿಸಿದ ಮಾರನೆಯ ದಿನವೇ ಫಲ ಕೇಳುವುದೂ ನ್ಯಾಯವಲ್ಲ. ಒಳಪದರ ಪೂರ್ತಿ ಹೊಸದಾಗಲು ಸುಮಾರು ಎರಡು ವಾರ ಬೇಕು ಎಂದಮೇಲೆ ಪೇಸ್ಟಿಗೂ ಅಷ್ಟು ಗಡುವು ಕೊಡಬೇಕು. ಆ ಅವಧಿಯಲ್ಲಿ ಮೌತ್‌ವಾಶ್, ಹಲ್ಲು ಬಿಳುಪಾಗಿಸಲು ಅಂಟಿಸುವ ಪಟ್ಟಿ ಎಂದು ಬೇರೇನನ್ನೂ ಹೊಸದಾಗಿ ಸೇರಿಸಬಾರದು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ನನಗೆ ಪೊರೆ ಏಳುವುದು ನಿಂತಿತು. ಅದಕ್ಕಿಂತ ಕಷ್ಟವಾದದ್ದು ನೊರೆಯಿಲ್ಲದ ಬಾಯಿಗೆ ಹೊಂದಿಕೊಳ್ಳುವುದು. ಉಜ್ಜಿದ್ದೇನೆ ಎಂದು ಕೈಗೆ ಗೊತ್ತು, ಬಾಯಿ ಒಪ್ಪುವುದಿಲ್ಲ. ಎಷ್ಟೋ ದಿನ ಇನ್ನಷ್ಟು ಪೇಸ್ಟು ಹಾಕಿಕೊಳ್ಳುವ ಆಸೆಯಾಗುತ್ತಿತ್ತು. ಬದಲಿಗೆ ಸಿಕ್ಕ ಸಣ್ಣ ಲಾಭವೆಂದರೆ ಬಾಯಿಯ ರುಚಿ ಕೆಡದಿರುವುದು. ಉಜ್ಜಿದ ಕೂಡಲೇ ಏನು ಬಾಯಿಗಿಟ್ಟರೂ ಸಿಹಿ ಮಂಕಾಗಿ ಕಹಿ ಮುಂದೆ ಬರುತ್ತದಲ್ಲ, ಅದಕ್ಕೂ ಎಸ್ಎಲ್ಎಸ್‌ಗೂ ನಂಟಿದೆ.

ಇಲ್ಲಿ ಒಂದು ಪೇಚು ಕೂಡ ಇದೆ. ಉಜ್ಜಿದ ಮೇಲೆ ನೊರೆಯನ್ನು ಉಗುಳಿ, ನೀರಿನಿಂದ ಮುಕ್ಕಳಿಸದೆ ಬಿಡಿ, ಫ್ಲೋರೈಡ್ ಹಲ್ಲಿನ ಮೇಲೆ ಹೆಚ್ಚು ಹೊತ್ತು ಉಳಿಯುತ್ತದೆ ಎಂಬುದು ಈಗ ಹಲವು ದಂತವೈದ್ಯರ ಸಲಹೆ. ಹಲ್ಲಿನ ದೃಷ್ಟಿಯಿಂದ ಒಳ್ಳೆಯ ಸಲಹೆಯೇ. ಆದರೆ ಫ್ಲೋರೈಡಿನೊಂದಿಗೆ ಮಾರ್ಜಕವೂ ಅಲ್ಲೇ ಉಳಿಯುತ್ತದೆ, ಅದೂ ಜೊಲ್ಲು ಬತ್ತುವ ರಾತ್ರಿಯಲ್ಲಿ. ಪೊರೆ ಏಳುವವರು ಈ ಸಲಹೆಯನ್ನು ಪಾಲಿಸಿದರೆ ಪೊರೆ ಇನ್ನೂ ಹೆಚ್ಚಾಗಬಹುದು. ಪಾಲಿಸದೆ ಜೋರಾಗಿ ಮುಕ್ಕಳಿಸಿದರೆ ಫ್ಲೋರೈಡ್ ಹರಿದುಹೋಗುತ್ತದೆ. ಎಸ್ಎಲ್ಎಸ್ ಇಲ್ಲದ ಫ್ಲೋರೈಡ್ ಪೇಸ್ಟು ಮಾತ್ರ ಎರಡನ್ನೂ ಸರಿತೂಗಿಸುತ್ತದೆ. ಅದು ಸಿಗದಿದ್ದರೆ ಪೇಸ್ಟಿನ ಪ್ರಮಾಣ ಇಳಿಸುವುದೂ ಕೆಲಸ ಮಾಡುತ್ತದೆ. ಬ್ರಷ್ಷಿನ ಉದ್ದಕ್ಕೂ ಅಲೆಯಂತೆ ಹಾಕುವುದು ಜಾಹೀರಾತಿನ ಚಿತ್ರಕ್ಕೆ ಚೆಂದ.

ಇಷ್ಟೆಲ್ಲ ಹೇಳಿ, ಬಾಯಿಯಲ್ಲಿ ಬಿಳಿ ಕಂಡರೆ ಪೇಸ್ಟು ಬದಲಿಸಿ ಸುಮ್ಮನಿರಿ ಎಂದರೆ ಅದು ಅಪಾಯದ ಮಾತಾಗುತ್ತದೆ. ಜನ ಎದ್ದುಬಂದ ಪೊರೆಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾರೆ. ನೋಡಬೇಕಾದದ್ದು ಅದು ಬಿಟ್ಟುಹೋದ ಜಾಗವನ್ನು. ಪೇಸ್ಟಿನಿಂದ ಏಳುವ ಪೊರೆಯ ಕೆಳಗೆ ಎಂದಿನ ತಿಳಿಗೆಂಪು, ತೇವದ, ನೋಯದ ಮೇಲ್ಮೈ ಇರುತ್ತದೆ. ಬೆಳ್ಳಗಿನ ಲೇಪ ಒರೆಸಿದಾಗ ಏಳುತ್ತದೆ, ಆದರೆ ಕೆಳಗೆ ಕೆಂಪಾಗಿ ಹಸಿಹಸಿಯಾಗಿದೆ ಎಂದಾದರೆ ಅದು ಕ್ಯಾಂಡಿಡಾ ಶಿಲೀಂಧ್ರದ ಸೋಂಕು ಇರಬಹುದು. ಮಧುಮೇಹ ಇರುವವರು, ಆಸ್ತಮಾಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಬಳಸುವವರು, ಕೃತಕ ದಂತಪಂಕ್ತಿ ಹಾಕಿಕೊಳ್ಳುವವರು, ಇತ್ತೀಚೆಗೆ ಆ್ಯಂಟಿಬಯೋಟಿಕ್ ತೆಗೆದುಕೊಂಡವರು ಇದನ್ನು ನೆನಪಿಡಬೇಕು. ಎಷ್ಟು ಒರೆಸಿದರೂ ಏಳದ ಬಿಳಿ ಮಚ್ಚೆ ಇನ್ನೂ ಬೇರೆ ಕಥೆ. ಅದು ಲ್ಯುಕೊಪ್ಲೇಕಿಯಾ ಆಗಿದ್ದರೆ ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಇರುವುದರಿಂದ ಪರೀಕ್ಷಿಸಲೇಬೇಕು, ತಂಬಾಕಿನ ಅಭ್ಯಾಸ ಇದ್ದವರಂತೂ ತಡಮಾಡಬಾರದು. ಕಸೂತಿಯಂಥ ತೆಳು ಬಿಳಿ ಗೆರೆಗಳು ಕೆನ್ನೆಯ ಮೇಲೆ ಹರಡಿದ್ದರೆ ಲೈಕನ್ ಪ್ಲೇನಸ್ ಎಂಬ ಉರಿಯೂತದ ಕಾಯಿಲೆ ಇರಬಹುದು. ಹಲ್ಲು ಕಚ್ಚುವ ಸಾಲಿಗೆ ಸರಿಯಾಗಿ ಚಿಂದಿಚಿಂದಿಯಾದ ಬಿಳುಪಿದ್ದರೆ, ಗೊತ್ತಿಲ್ಲದೆ ಕೆನ್ನೆ ಕಡಿದುಕೊಳ್ಳುವ ಚಟ. ಹಲ್ಲುನೋವಿಗೆಂದು ಆಸ್ಪಿರಿನ್ ಮಾತ್ರೆಯನ್ನು ನುಂಗದೆ ವಸಡಿಗೆ ಒತ್ತಿಟ್ಟುಕೊಂಡವರಲ್ಲಿ ಏಳುವ ಬಿಳಿ ಪೊರೆ ನಿಜವಾದ ಸುಟ್ಟಗಾಯ.

ಪೆಂಫಿಗಸ್ ವಲ್ಗ್ಯಾರಿಸ್ ಎಂಬ ಅಪರೂಪದ ಕಾಯಿಲೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ಬಹಳ ಸಲ ಬಾಯಿಯಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆ. ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಡೆಸ್ಮೊಗ್ಲೀನ್ ಎಂಬ ಪ್ರೋಟೀನಿನ ಮೇಲೆ ದೇಹದ ಸ್ವಂತ ರಕ್ಷಣಾ ವ್ಯವಸ್ಥೆಯೇ ದಾಳಿ ಮಾಡುತ್ತದೆ. ಪದರ ಬಿರಿಯುವುದು ಮೇಲ್ತುದಿಯಲ್ಲಿ ಅಲ್ಲ, ತಳದ ಸಾಲಿನ ಸ್ವಲ್ಪವೇ ಮೇಲೆ. ಹಾಗಾಗಿ ಗುಳ್ಳೆ ಎದ್ದು ಒಡೆದ ಜಾಗ ಹಸಿಯಾಗಿ, ನೋಯುತ್ತ, ಬೇಗ ವಾಸಿಯಾಗದೆ ಉಳಿಯುತ್ತದೆ. ಮೇಲುನೋಟಕ್ಕೆ ಇಲ್ಲೂ ಪೊರೆಯೇ ಸುಲಿಯುತ್ತಿರುವುದು. ಸುಲಿಯುವ ಆಳ ಮಾತ್ರ ಬೇರೆ. ಮೆತ್ತನೆಯ ಕೆನ್ನೆಯನ್ನು ಬಿಟ್ಟು ವಸಡೇ ಕೆಂಪಾಗಿ ಸುಲಿಯತೊಡಗಿದರೂ ಅದನ್ನು ಪೇಸ್ಟಿನ ಲೆಕ್ಕಕ್ಕೆ ಹಾಕಿ ಸುಮ್ಮನಿರಬಾರದು.

ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಗಟ್ಟಿಯಾದ ಅಂಚು, ಕಾರಣವಿಲ್ಲದ ರಕ್ತ, ನುಂಗಲು ತೊಂದರೆ, ಕಣ್ಣಿನಲ್ಲೋ ಚರ್ಮದ ಮೇಲೋ ಇದೇ ಹೊತ್ತಿಗೆ ಗುಳ್ಳೆ, ಇವುಗಳಲ್ಲಿ ಒಂದಿದ್ದರೂ ಪೇಸ್ಟಿನ ಪ್ರಯೋಗ ಮಾಡುತ್ತ ಕೂರದೆ ವೈದ್ಯರ ಬಳಿ ಹೋಗಬೇಕು. ಇವು ಯಾವುವೂ ಇಲ್ಲದೆ, ಪೇಸ್ಟು ಬದಲಿಸಿ ಗಡುವು ಮುಗಿದರೂ ಪೊರೆ ಏಳುತ್ತಲೇ ಇದ್ದರೆ ಆಗಲೂ ಒಮ್ಮೆ ತೋರಿಸಿಬಿಡುವುದು ಒಳ್ಳೆಯದು. ಅಲ್ಲಿಯವರೆಗೆ ಪೊರೆಯನ್ನು ಕಿತ್ತು ಕಿತ್ತು ತೆಗೆಯದಿರುವುದು ಮೇಲು. ಹೇಳುವುದು ಸುಲಭ, ನಾಲಿಗೆಗೆ ಅಂಚು ಸಿಕ್ಕ ಮೇಲೆ ಅದನ್ನು ತಡೆಯುವುದು ಹರಸಾಹಸ ಎಂಬುದು ನನಗೂ ಗೊತ್ತು. ಆದರೆ ಸಡಿಲವಾದ ಭಾಗವನ್ನು ಎಳೆಯುವಾಗ ಪಕ್ಕದ ಗಟ್ಟಿ ಭಾಗವೂ ಹರಿಯುತ್ತದೆ, ಆಗ ನಿಜವಾಗಿಯೂ ಹುಣ್ಣಾಗುತ್ತದೆ, ಪರೀಕ್ಷಿಸುವವರಿಗೂ ಯಾವುದು ಮೊದಲಿನದು ಯಾವುದು ನಮ್ಮ ಕೈಕೆಲಸ ಎಂದು ತಿಳಿಯುವುದಿಲ್ಲ.

ವೈದ್ಯರ ಬಳಿಗೆ ಹೋಗುವ ದಿನ ಟೂತ್‌ಪೇಸ್ಟಿನ ಟ್ಯೂಬು ಮತ್ತು ಮೌತ್‌ವಾಶಿನ ಬಾಟಲಿಯನ್ನು ಜೊತೆಗೆ ಒಯ್ಯಿರಿ, ಇಲ್ಲವೇ ಅವುಗಳ ಹಿಂಬದಿಯ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಯಾವ ಪೇಸ್ಟು ಎಂದು ಕೇಳಿದರೆ ಹೆಚ್ಚಿನವರು ಬಣ್ಣ ಹೇಳುತ್ತಾರೆ. ಪೊರೆ ಎದ್ದಿರುವಾಗಲೇ ತೆಗೆದ ಒಂದು ಚಿತ್ರವೂ ಇರಲಿ. ಪರೀಕ್ಷೆಯ ಕುರ್ಚಿಯಲ್ಲಿ ಕುಳಿತು ಬಾಯಿ ತೆರೆಯುವ ಹೊತ್ತಿಗೆ ಅದು ಸಾಮಾನ್ಯವಾಗಿ ಹೊಟ್ಟೆ ಸೇರಿರುತ್ತದೆ.